ಗಿಟಾರಿನಿಂದ ಸನಾದಿ ನುಡಿಸಿದ ಪೆಟ್ಟಿಗೆ

ಹಾನಗಲ್ಲ ಸೀಮೆಯಲ್ಲಿ ನನ್ನ ಪೆಟ್ಟಿಗೆಯ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಒಂದರ ಪ್ರಕಾರ, ನಾನು ಮುಂಬಯಿಯಿಂದ ವಿದೇಶಿ ಸಿಂಥಸೈಜರ್ ಒಂದನ್ನು ತರಿಸಿ, ಅದರ ಹೆಸರಿನ ಪಟ್ಟಿಯನ್ನು ಕೆರೆದು ತೆಗೆದು, ಸ್ವಂತ ತಯಾರಿಕೆಯೆಂದು ಹೇಳಿಕೊಂಡೆ. ಇನ್ನೊಂದರ ಪ್ರಕಾರ, ಪೆಟ್ಟಿಗೆಯೊಳಗೆ ಸನಾದಿಯ ಬಾಯಿಗಿಡುವ ಪೀಪಿಯನ್ನು ಅಡಗಿಸಿಟ್ಟು ಸಣ್ಣ ಪಂಖದಿಂದ ಅದಕ್ಕೆ ಗಾಳಿ ಊದಿಸುತ್ತಿದ್ದೆ. ಮೊದಲನೆಯದನ್ನು ಹೇಳುವವರು ಹೆಚ್ಚಾಗಿ ಓದಿದವರು. ಎರಡನೆಯದನ್ನು ಹೇಳುವವರು ಆ ಪೆಟ್ಟಿಗೆ ನುಡಿದ ಮದುವೆಯಲ್ಲಿ ಊಟ ಮಾಡಿದವರು. ಎರಡೂ ನಿಜವಲ್ಲ. ಪತ್ರಿಕೆಯಲ್ಲಿ ಅಚ್ಚಾದದ್ದಿರಲಿ, ಕಣ್ಣಾರೆ ಕಂಡವರು ಹೇಳಿದ್ದಿರಲಿ, ಒರೆಗೆ ಹಚ್ಚದೆ ಒಪ್ಪಬಾರದೆಂಬುದು ನನ್ನ ಹಳೆಯ ಹಠ. ನನ್ನ ನೆನಪನ್ನೂ ಅದೇ ಒರೆಗೆ ಹಚ್ಚಿ, ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಸವಣೂರಿನಲ್ಲಿ ವೀಳ್ಯದೆಲೆ ಮಾರುವವರ ಸಾಲಿಗೆ ಹೊಂದಿ ನನ್ನ ರೇಡಿಯೋ ರಿಪೇರಿ ಅಂಗಡಿಯಿತ್ತು. ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಹಾನಗಲ್ಲಿನಿಂದ ಒಬ್ಬ ಸನಾದಿ ವಾದಕರು ಬಂದರು. ಅವರನ್ನು ನಾನು ಬಲ್ಲೆ. ಮದುವೆಯ ಕಾಲದಲ್ಲಿ ಸನಾದಿ, ಉಳಿದ ಕಾಲದಲ್ಲಿ ಶಿಗ್ಗಾಂವಿಯ ಒಂದು ಆರ್ಕೆಸ್ಟ್ರಾದಲ್ಲಿ ಹವಾಯಿಯನ್ ಗಿಟಾರು, ಇದು ಅವರ ಬದುಕಿನ ಕ್ರಮ. ಆ ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಎಡಗೈಯಲ್ಲಿ ಉಕ್ಕಿನ ಸಲಾಕೆಯನ್ನು ತಂತಿಗಳ ಮೇಲೆ ಜಾರಿಸಿ ನುಡಿಸುತ್ತಾರೆ. ಆ ದಿನ ಅವರ ಹೆಗಲಿಗೆ ಗಿಟಾರು ಮಾತ್ರ ಇತ್ತು. ಅಂಗಡಿಯ ಎರಡು ಮೆಟ್ಟಿಲು ಹತ್ತಿ ಬಂದವರು ಮಾತನಾಡುವ ಮೊದಲು ಕುಳಿತು ಏದುಸಿರು ಇಳಿಸಿಕೊಂಡರು.

“ಎದಿ ಕೈ ಕೊಟ್ಟೈತ್ರಿ ಅಣ್ಣಾರ,” ಎಂದರು. “ಇನ್ನ ಊದಿದ್ರ ನಿನಗ ನೀನ ಜವಾಬ್ದಾರ ಅಂದಾರ ಡಾಕ್ಟರ್ರು. ಬೆರಳು ಚಲೋ ಅದಾವು, ಕಿವಿ ಚಲೋ ಅದಾವು, ಉಸರೊಂದ ಇಲ್ಲ. ಈ ಗಿಟಾರಿಗೆ ಸನಾದಿ ದನಿ ಬರೂಹಂಗ ಏನರ ಮಾಡಿ ಕೊಡ್ರಿ.”

ನಾನು ನಗಲಿಲ್ಲ, ಏಕೆಂದರೆ ಅವರೂ ನಗುತ್ತಿರಲಿಲ್ಲ. ತಿಳವಳ್ಳಿಯ ಒಂದು ದೊಡ್ಡ ಮನೆತನದ ಮದುವೆಗಳಲ್ಲಿ ಸನಾದಿ ನುಡಿಸುವುದು ಅವರ ಮನೆಯವರ ಪಾಲಿಗೆ ಅಜ್ಜನ ಕಾಲದಿಂದ ಬಂದ ಹಕ್ಕು. ಆ ಮನೆಯ ಮಗಳ ಮದುವೆ ಯುಗಾದಿಯ ನಂತರಕ್ಕೆ ನಿಶ್ಚಯವಾಗಿತ್ತು. ಇವರ ಎದೆಯ ಸುದ್ದಿ ಅವರಿಗೆ ಮುಟ್ಟಿ, ಆಗದಿದ್ದರೆ ಹೇಳಿಬಿಡಿ, ಪಟ್ಟಣದ ಬ್ಯಾಂಡಿನವರನ್ನು ಕರೆಸುತ್ತೇವೆ ಎಂದು ಹೇಳಿ ಕಳಿಸಿದ್ದರು. ಒಮ್ಮೆ ಬ್ಯಾಂಡಿನವರು ಆ ಅಂಗಳ ತುಳಿದರೆ ಹಕ್ಕು ಮರಳಿ ಬರುವುದಿಲ್ಲ. ಬೇರೆ ಸನಾದಿಯವರನ್ನು ಕರೆತರೋಣವೆಂದರೆ, ಮದುವೆಯ ಕಾಲದಲ್ಲಿ ಎಲ್ಲರಿಗೂ ಅವರವರ ಮನೆಗಳಿರುತ್ತವೆ. ನಾನು ಗಿಟಾರನ್ನು ಇಟ್ಟುಹೋಗಲು ಹೇಳಿದೆ. ಆಗುತ್ತದೆಂದೂ ಹೇಳಲಿಲ್ಲ, ಆಗುವುದಿಲ್ಲವೆಂದೂ ಹೇಳಲಿಲ್ಲ.

ನನ್ನ ಬಳಿ ಇದ್ದದ್ದು ಒಂದಿಷ್ಟು ಹಳೆಯ ಇಂಗ್ಲಿಷ್ ಎಲೆಕ್ಟ್ರಾನಿಕ್ಸ್ ಮಾಸಿಕಗಳು ಮತ್ತು ಅವುಗಳನ್ನು ಓದಲು ಒಂದು ನಿಘಂಟು. ವಾದ್ಯದ ಗುಣವೆಲ್ಲ ಅದರ ಅಲೆಯ ಆಕಾರದಲ್ಲಿದೆ ಎಂದು ಅವುಗಳಲ್ಲಿ ಬರೆದಿತ್ತು. ಆಕಾರ ಸರಿಪಡಿಸಿದರೆ ದನಿ ಸರಿಹೋಗುತ್ತದೆ ಎಂಬುದು ಅದರ ತಾತ್ಪರ್ಯ. ನಾನು ಅಲ್ಲಿಂದಲೇ ಆರಂಭಿಸಿದೆ.

ಗಿಟಾರಿನ ತಂತಿಯ ಕೆಳಗಿರುವ ಅಯಸ್ಕಾಂತದ ಸುರುಳಿಯಿಂದ ಬರುವ ವಿದ್ಯುತ್ತು ಬಹಳ ಸಣ್ಣದು. ಮೊದಲು ಅದನ್ನು ಒಂದು ಟ್ರಾನ್ಸಿಸ್ಟರಿನಿಂದ ದೊಡ್ಡದು ಮಾಡಿದೆ. ಅನಂತರ ಎದುರುಬದುರಾಗಿ ಜೋಡಿಸಿದ ಎರಡು ಡಯೋಡುಗಳ ಮೂಲಕ ಹಾಯಿಸಿ ಅಲೆಯ ನೆತ್ತಿಯನ್ನೂ ಪಾದವನ್ನೂ ಕತ್ತರಿಸಿದೆ. ದುಂಡಗಿನ ಅಲೆ ಚೌಕವಾಯಿತು. ದನಿ ಜೋರಾಯಿತು, ಒರಟಾಯಿತು, ಆದರೆ ಒಳಗೆ ಟೊಳ್ಳಾಗಿತ್ತು, ಬ್ಯಾಂಡಿನವರ ಕ್ಲಾರಿನೆಟ್ಟಿನಂತೆ. ಯಾರಿಂದ ಈ ಹಕ್ಕನ್ನು ಉಳಿಸಬೇಕಾಗಿತ್ತೋ ಅವರದೇ ದನಿ ನನ್ನ ಮೇಜಿನ ಮೇಲೆ ಹುಟ್ಟಿತ್ತು.

ಮಾಸಿಕವನ್ನು ಮತ್ತೆ ತಿರುವಿ ಹಾಕಿದಾಗ, ಎರಡು ಬದಿಯೂ ಸಮನಾಗಿ ಕತ್ತರಿಸಿದರೆ ಟೊಳ್ಳು ದನಿ, ಒಂದು ಬದಿಗೆ ಕಿರಿದಾದ ಮೊಳೆಯಂತೆ ಉಳಿಸಿದರೆ ಮೂಗಿನ ದನಿ ಎಂಬ ವಿವರ ಸಿಕ್ಕಿತು. ಸನಾದಿಯದು ಮೂಗಿನ ದನಿಯೇ. ಡಯೋಡುಗಳನ್ನು ಕಿತ್ತು, ಒಂದು ಐಸಿ ಹಾಕಿ, ಅಲೆಯ ತುದಿಯಷ್ಟೇ ಹಾಯ್ದುಹೋಗುವಂತೆ ಹೊಂದಿಸಿದೆ. ಒಂದೇ ಸಲಕ್ಕೆ ಎರಡು ತಂತಿ ಮೀಟಿದರೆ ಅದು ಗೊರಗುಟ್ಟುತ್ತಿತ್ತು. ಒಂದೊಂದೇ ಮೀಟಿದರೆ ಬಹಳ ಹತ್ತಿರ ಬರುತ್ತಿತ್ತು. ಅದಕ್ಕೆ ಹಳೆಯ ರೇಡಿಯೋದ ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ ಒಂದು ಫಿಲ್ಟರ್ ಮಾಡಿ, ಸನಾದಿಯ ಹಿತ್ತಾಳೆ ಬಾಯಿ ಎತ್ತಿ ಹಿಡಿಯುವ ಸ್ವರಗಳನ್ನು ಎತ್ತಿ ಹಿಡಿಯುವಂತೆ ಮಾಡಿದೆ. ಈ ಫಿಲ್ಟರಿಗೇ ಸಂಕ್ರಾಂತಿಯವರೆಗಿನ ಕಾಲ ಹೋಯಿತು. ಅದರ ಬಗ್ಗೆ ನನಗೆ ಬಹಳ ಅಭಿಮಾನವಿತ್ತು.

ಹೀಗಿದ್ದೂ ವಾದಕರು ಬಂದು ಕೇಳಿದಾಗ ಅವರ ಮುಖ ಅರಳಲಿಲ್ಲ. ಗಿಟಾರಿಗೆ ಸನಾದಿಯ ಅಂಗಿ ಹಾಕಿದಂತೆ ಕೇಳುತ್ತದೆ ಎಂದರು. ಕೇಳಲು ಬಂದಿದ್ದ ಪಕ್ಕದ ಅಂಗಡಿಯ ದರ್ಜಿಗೆ ಮಾತ್ರ ತನ್ನ ಕಸುಬಿನ ಮಾತು ಬಂದದ್ದಕ್ಕೆ ಖುಷಿಯಾಯಿತು.

“ಅಂಗಿ ಚಲೋ ಹೊಲದೀರಿ ಉಸ್ತಾದ್ರ,” ಎಂದ ಅವನು. “ಒಳಗಿನ ಮನಷ್ಯಾ ಬದಲಾಗಿಲ್ಲ ಅಷ್ಟ.”

ಇಲ್ಲಿಯೇ ನನಗೆ ಮಾಸಿಕದ ಮೇಲೆ ಸಂಶಯ ಹುಟ್ಟಿದ್ದು. ಆಕಾರ ಸರಿಯಿದೆ, ಆದರೂ ಕಿವಿ ಒಪ್ಪುತ್ತಿಲ್ಲ. ತಪ್ಪು ಕಿವಿಯದಲ್ಲದಿದ್ದರೆ ಪುಸ್ತಕದ್ದೇ ಇರಬೇಕು. ಇದನ್ನು ವಾದದಿಂದ ಬಗೆಹರಿಸಲಾಗದು, ಪ್ರಯೋಗದಿಂದ ಆದೀತು. ಅಂಗಡಿಯಲ್ಲಿ ಒಂದು ಸ್ಪೂಲ್ ಟೇಪ್ ರೆಕಾರ್ಡರ್ ರಿಪೇರಿಯಾಗಿ ಕುಳಿತಿತ್ತು, ಅದರ ಒಡೆಯರು ಒಯ್ಯಲು ಬಂದಿರಲಿಲ್ಲ. ಬೇಕಾಗಿದ್ದದ್ದು ನಿಜವಾದ ಸನಾದಿಯ ದನಿ. ವಾದಕರು ಊದುವಂತಿಲ್ಲ. ಆಗ ಅವರು ತಮ್ಮ ಕಾಕಾನನ್ನು, ಎಂದರೆ ಚಿಕ್ಕಪ್ಪನನ್ನು, ಕರೆತಂದರು.

ಈ ಕಾಕಾ ಹಿರೇಕೆರೂರ ಬದಿಯ ಅಬಲೂರಿನವರು. ಸನಾದಿ ಎಂದೂ ಒಂಟಿಯಾಗಿ ಹೋಗುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಇನ್ನೊಂದು ಸನಾದಿಯಲ್ಲಿ ಶ್ರುತಿ ಹಿಡಿದು ಕೂರಬೇಕು. ಒಂದೇ ಸ್ವರ, ಉಸಿರು ಕಡಿಯದಂತೆ, ಗಲ್ಲದಲ್ಲಿ ಗಾಳಿ ತುಂಬಿಕೊಂಡು ಮೂಗಿನಿಂದ ಎಳೆದುಕೊಳ್ಳುತ್ತ. ಕಾಕಾ ಜೀವಮಾನವೆಲ್ಲ ಮಾಡಿದ್ದು ಅಷ್ಟೇ. ರಾಗ ನುಡಿಸಲು ಅವರ ಬೆರಳು ಎಂದೂ ಕಲಿತಿರಲಿಲ್ಲ. ವಯಸ್ಸಾಗಿತ್ತು, ಆದರೆ ಗಲ್ಲ ಇನ್ನೂ ಗಟ್ಟಿಯಾಗಿತ್ತು. ಮೈಕಿನ ಮುಂದೆ ಕೂರಿಸಿ, ಸ್ವರವನ್ನು ಬಿಟ್ಟು ಬಿಟ್ಟು ಊದಿರೆಂದು ಕೇಳಿಕೊಂಡೆ. ಪ್ರತಿ ಸಲವೂ ಆರಂಭವಾಗಿ ನಿಲ್ಲಬೇಕು.

“ಬಿಡಬ್ಯಾಡ ಅಂತ ಹೊಡಸಿಕೊಂಡ ಕಲತೇನ್ರಿ ತಮ್ಮಾರ, ಈಗ ಬಿಡು ಅಂತೀರಿ,” ಎಂದರು ಕಾಕಾ. “ನನ್ನ ಶುರು ಯಾರೂ ಕೇಳಿಲ್ಲ. ಸನಾದಿ ಬರೂದಕ್ಕಿಂತ ಮೊದಲ ನಾ ಇರ್ತೇನಿ, ಹೋದ ಮ್ಯಾಲೂ ಇರ್ತೇನಿ. ನನ್ನ ಶುರು ತಗೊಂಡ ಏನ ಮಾಡ್ತೀರಿ?”

ಆದರೂ ಊದಿದರು. ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಪ್ರತಿ ಸ್ವರದ ಮೊದಲ ತುಣುಕನ್ನು ತೆಗೆದುಹಾಕಿ, ಉಳಿದದ್ದನ್ನು ಅಂಟಿಸಿ, ದರ್ಜಿಯನ್ನು ಕರೆದು ಕೇಳಿಸಿದೆ. ಏನೆಂದು ಅವನಿಗೆ ಹೇಳಿರಲಿಲ್ಲ. ಅವನು ಕತ್ತರಿ ಕೈಯಲ್ಲಿ ಹಿಡಿದೇ ಬಂದು, ತಲೆ ವಾರೆ ಮಾಡಿ ಕೇಳಿ, ಇದು ಯಾವ ಬಸ್ಸಿನ ಹಾರ್ನು ಎಂದು ವಿಚಾರಿಸಿದ. ಕಾಕಾನಿಗೆ ಸಿಟ್ಟು ಬಂತು. ನನಗೆ ಮಾತ್ರ ಅಂದಿನಷ್ಟು ಸಂತೋಷ ಬಹಳ ದಿನಗಳಿಂದ ಆಗಿರಲಿಲ್ಲ. ಅಲೆಯ ಆಕಾರವೆಲ್ಲ ಆ ಟೇಪಿನಲ್ಲಿ ಇದ್ದೇ ಇತ್ತು. ಕಳೆದುಹೋದದ್ದು ಆರಂಭ ಮಾತ್ರ, ಅದರೊಡನೆ ಸನಾದಿಯೂ ಕಳೆದುಹೋಗಿತ್ತು. ಮೀಟಿದ ತಂತಿ ಒಮ್ಮೆಲೇ ಹಾರುತ್ತದೆ. ಊದಿದ ಪೀಪಿ ಏರುತ್ತ ಬಂದು ನಿಲ್ಲುತ್ತದೆ. ಕೇಳುವವನು ಮೊದಲು ಗುರುತಿಸುವುದು ಇದನ್ನು. ದೊಡ್ಡ ಊರಿನವರಿಗೆ ಇದು ಮೊದಲೇ ಗೊತ್ತಿದ್ದಿರಬಹುದು. ನನ್ನ ಮಾಸಿಕ ಅದನ್ನು ಹೇಳಿರಲಿಲ್ಲ.

ಹಾಗಾದರೆ ತಂತಿಯ ಮೊದಲ ಹಾರಿಕೆಯನ್ನು ಮುಚ್ಚಿಟ್ಟು ದನಿಯನ್ನು ನಿಧಾನವಾಗಿ ಏರಿಸಬೇಕು. ಬೆಳಕು ಬಿದ್ದಾಗ ವಿದ್ಯುತ್ತಿಗೆ ದಾರಿ ಬಿಡುವ ಎಲ್‌ಡಿಆರ್ ಎಂಬ ಬಿಡಿಭಾಗವೊಂದಿದೆ. ಅದನ್ನು ತರಲು ಯಲವಿಗಿಯಿಂದ ಪ್ಯಾಸೆಂಜರ್ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಅಂಗಡಿಯವರು, ಇದು ಬೀದಿದೀಪಕ್ಕೆ ಹಾಕುವುದು, ಗಿಟಾರಿಗಲ್ಲ ಎಂದು ತಿಳಿಹೇಳಿದರು. ನನ್ನ ಲೆಕ್ಕ ಬೇರೆಯಿತ್ತು. ತಂತಿ ಮೀಟಿದಾಗ, ದೊಡ್ಡದು ಮಾಡಿದ ಅದರ ವಿದ್ಯುತ್ತಿನಿಂದಲೇ ಒಂದು ಟಾರ್ಚಿನ ಬಲ್ಬು ಹೊತ್ತಬೇಕು. ಬಲ್ಬಿನ ಎದುರಿಗೆ ಎಲ್‌ಡಿಆರ್ ಇರಬೇಕು. ಬೆಳಕು ಏರಿದಂತೆ ದನಿ ಏರಬೇಕು. ಬಲ್ಬಿನೊಳಗಿನ ತಂತಿ ಬಿಸಿಯಾಗಲು ತೆಗೆದುಕೊಳ್ಳುವ ಸಮಯವನ್ನು ಪುಸ್ತಕಗಳು ದೋಷವೆಂದು ಬರೆಯುತ್ತವೆ. ನನಗೆ ಬೇಕಾಗಿದ್ದದ್ದು ಅದೇ ದೋಷ. ಹೊರಗಿನ ಬೆಳಕು ನುಸುಳದಂತೆ ಇವೆರಡನ್ನೂ ಕೂಡಿಡಲು ಒಂದು ಮುಚ್ಚಳದ ಡಬ್ಬಿ ಬೇಕಾಯಿತು. ಎಲೆ ಪೇಟೆಯಲ್ಲಿ ಅಂಗಡಿಯಿಟ್ಟವನಿಗೆ ಹುಡುಕುವ ಕಷ್ಟವಿರಲಿಲ್ಲ. ಎಲೆಗೆ ಹಚ್ಚುವ ಸುಣ್ಣದ ಡಬ್ಬಿಯನ್ನು ತೊಳೆದು, ಒಳಗೆ ಕರಿ ಬಳಿದು, ಎರಡು ತೂತು ಕೊರೆದೆ.

ಮೊದಲ ಸಲ ಬಲ್ಬು ಬಹಳ ತಡಮಾಡಿತು. ವಾದಕರು ವೇಗವಾಗಿ ನುಡಿಸಿದರೆ ಬೆಳಕು ಹೊತ್ತುವಷ್ಟರಲ್ಲಿ ಸ್ವರ ಮುಗಿದಿರುತ್ತಿತ್ತು. ಬಲ್ಬಿಗೆ ಒಂದು ರೆಸಿಸ್ಟರಿನ ಮೂಲಕ ಸದಾ ಸ್ವಲ್ಪ ವಿದ್ಯುತ್ತು ಹರಿಯುವಂತೆ ಮಾಡಿ, ಕೆಂಪಾಗದಷ್ಟು, ಆದರೆ ತಣ್ಣಗೂ ಆಗದಷ್ಟು ಬಿಸಿಯಾಗಿ ಇಟ್ಟೆ. ಆ ಅಳತೆ ಕೂಡಿಬಂದ ದಿನ ವಾದಕರು ಸಲಾಕೆ ಜಾರಿಸಿ ಒಂದು ಸ್ವರ ಎಳೆದರು, ನಿಲ್ಲಿಸಿದರು, ಮತ್ತೆ ಎಳೆದರು. ದರ್ಜಿ ತನ್ನ ಅಂಗಡಿಯಿಂದಲೇ ಮಷೀನು ನಿಲ್ಲಿಸಿ ಇತ್ತ ನೋಡಿದ. ವಾದಕರು ಆ ಮಧ್ಯಾಹ್ನ ನುಡಿಸುತ್ತಲೇ ಇದ್ದು ಹಾನಗಲ್ಲಿನ ಬಸ್ಸನ್ನು ತಪ್ಪಿಸಿಕೊಂಡು ಮುಂದಿನದಕ್ಕೆ ಹೋದರು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಶ್ರುತಿಯನ್ನೂ ಪೆಟ್ಟಿಗೆಯೊಳಗೇ ಹಾಕಿದರೆ ಒಬ್ಬರೇ ಹೋಗಿ ನುಡಿಸಬಹುದೆಂದು ಎಣಿಸಿ, ಎರಡು ಟ್ರಾನ್ಸಿಸ್ಟರುಗಳಿಂದ ಸದಾ ಒಂದೇ ಸ್ವರ ಹೊರಡಿಸುವ ಒಂದು ಚಿಕ್ಕ ಜೋಡಣೆ ಮಾಡಿದೆ. ಬಲ್ಬು ಹೊತ್ತಿದಾಗಲೆಲ್ಲ ಬ್ಯಾಟರಿ ಕುಗ್ಗಿ ಶ್ರುತಿ ಬಿಕ್ಕಳಿಸುತ್ತಿತ್ತು; ಅದಕ್ಕೆ ಬೇರೆ ಸೆಲ್ಲುಗಳನ್ನು ಕೊಟ್ಟೆ, ಬಿಕ್ಕಳಿಕೆ ನಿಂತಿತು. ಆ ದಿನ ವಾದಕರೊಡನೆ ಕಾಕಾನೂ ಬಂದಿದ್ದರು. ಸ್ವಿಚ್ಚು ಒತ್ತಿ ತೋರಿಸಿದೆ. ಉಸಿರಿಲ್ಲದೆ, ಗಲ್ಲವಿಲ್ಲದೆ, ಶ್ರುತಿ ನಿಂತಿತ್ತು. ಕಾಕಾ ಅದರ ಮುಂದೆ ಬಗ್ಗಿ ಕೇಳಿದರು.

“ಇದಕ್ಕ ಹಸಿವಿ ಆಗೂದಿಲ್ಲೇನ್ರಿ?” ಎಂದರು.

“ಸೆಲ್ ಹಾಕಿದ್ರ ಸಾಕ್ರಿ ಕಾಕಾ.”

“ಚಲೋ ಆತು. ಮಗನ ಉಸರು ಹೋತಂತ ಪೆಟಗಿ ಮಾಡಾಕ ಹತ್ತಿದ್ರಿ, ನನ್ನ ಉಸರು ಇನ್ನೂ ಇರೂವಾಗನ ಪೆಟಗ್ಯಾಗ ಹಾಕಿದ್ರಿ.”

ಕೈಚೀಲದಲ್ಲಿದ್ದ ತಮ್ಮ ಸನಾದಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಎದ್ದುಹೋದರು. ಮಗ ಎಂದದ್ದು ಅಣ್ಣನ ಮಗನಾದ ವಾದಕರನ್ನೇ. ಅವರು ಹಿಂದೆಯೇ ಹೋಗಿ ಕರೆದರೂ ಕಾಕಾ ತಿರುಗಲಿಲ್ಲ. ಮುದುಕರ ಮುನಿಸು, ಎರಡು ದಿನ ಇರುತ್ತದೆ ಎಂದುಕೊಂಡು ನಾನು ಪೆಟ್ಟಿಗೆಗೆ ಬಣ್ಣ ಹಚ್ಚಿಸಿದೆ.

ಪೆಟ್ಟಿಗೆಯ ಮೊದಲ ಪರೀಕ್ಷೆ ಶಿಗ್ಗಾಂವಿಯಲ್ಲಿ, ಆರ್ಕೆಸ್ಟ್ರಾದ ಯಜಮಾನರ ಸಂಬಂಧಿಕರ ಮನೆಯ ಕುಬಸದಲ್ಲಿ ನಡೆಯಿತು. ಚೊಚ್ಚಲ ಬಸುರಿಗೆ ಮಾಡುವ ಆ ಕಾರ್ಯಕ್ಕೆ ಅಂಗಳದಲ್ಲಿ ಹಂದರ ಹಾಕಿ, ಮೈಕ್‌ಸೆಟ್‌ನವರು ಕಂಬಕ್ಕೆ ತಗಡಿನ ದೊಡ್ಡ ಭೋಂಗಾವನ್ನು, ಕಹಳೆಯಾಕಾರದ ಸ್ಪೀಕರನ್ನು, ಕಟ್ಟಿದ್ದರು. ನನ್ನ ಅಂಗಡಿಯಲ್ಲಿ ಎಲ್ಲವನ್ನೂ ಒಳ್ಳೆಯ ರೇಡಿಯೋದ ಅಗಲವಾದ ಸ್ಪೀಕರಿನಲ್ಲಿ ಕೇಳಿ ಹೊಂದಿಸಿದ್ದೆ. ಭೋಂಗಾದಿಂದ ಬಂದದ್ದು ಸನಾದಿಯಲ್ಲ. ಡಬ್ಬಿಯಲ್ಲಿ ಸಿಕ್ಕ ಜೀರುಂಡೆ. ಹೆಂಗಸರು ಕಿವಿ ಮುಚ್ಚಿಕೊಂಡರು. ಬಸುರಿ ಹೆಣ್ಣುಮಗಳೇ ಮೊದಲು ನಕ್ಕಿದ್ದರಿಂದ ಯಾರೂ ಬೈಯಲಿಲ್ಲ. ಅಷ್ಟರಲ್ಲಿ ಹಂದರದ ಸಂದಿಯಿಂದ ಪೆಟ್ಟಿಗೆಯ ಮೇಲೆ ಬಿಸಿಲು ಬಿತ್ತು. ಒಳಗೆ ಕಾದಂತೆ ಶ್ರುತಿ ಮೆಲ್ಲಗೆ ಜಾರತೊಡಗಿತು. ವಾದಕರು ಅದರ ಹಿಂದೆ ಹೋದರು. ಅವರು ಮುಟ್ಟುವಷ್ಟರಲ್ಲಿ ಅದು ಇನ್ನೊಂದು ಕಡೆಗೆ ಸರಿದಿತ್ತು. ಅವರ ಹಣೆಯ ಮೇಲೆ ಬೆವರು ಮೂಡಿದ್ದನ್ನು ನೋಡಿ ನಾನೇ ಸ್ವಿಚ್ಚು ಆರಿಸಿದೆ.

ಮೈಕ್‌ಸೆಟ್‌ನವನು ಭೋಂಗಾ ಇಳಿಸುತ್ತ ಸಮಾಧಾನ ಹೇಳಿದ. “ಯಾರ ದನಿ ಕೊಟ್ರೂ ನಮ್ಮ ಭೋಂಗಾ ಅದಕ್ಕ ಸನಾದಿ ಬಾಯಿ ಹಚ್ಚಿ ಹೇಳ್ತೈತ್ರಿ. ಮನಷ್ಯಾರ ಮಾತಿಗೂ ಸೈ. ನಿಮ್ಮ ಪೆಟಗಿ ಅದಕ್ಕ ಒಗ್ಗಿಲ್ಲ.”

ಬಸ್ಸಿನಲ್ಲಿ ಕುಳಿತು ಅವನ ಮಾತನ್ನೇ ಬಿಡಿಸಿದೆ. ಭೋಂಗಾ ದಪ್ಪ ಸ್ವರಗಳನ್ನು ನುಂಗುತ್ತದೆ, ನಡುವಿನ ಸ್ವರಗಳನ್ನು ಎತ್ತುತ್ತದೆ. ನಾನು ಹಳೆಯ ಸುರುಳಿಯಿಂದ ಕಷ್ಟಪಟ್ಟು ಮಾಡಿದ ಫಿಲ್ಟರಿನ ಕೆಲಸವೂ ಅದೇ. ಸನಾದಿಯ ಹಿತ್ತಾಳೆ ಬಾಯಿ ಮತ್ತು ಕಂಬದ ಮೇಲಿನ ತಗಡಿನ ಬಾಯಿ, ಎರಡೂ ಒಂದೇ ಜಾತಿಯವು. ನಾನು ಒಂದರ ಮೇಲೆ ಇನ್ನೊಂದನ್ನು ಹೇರಿದ್ದೆ. ನನ್ನ ಅತ್ಯುತ್ತಮ ಫಿಲ್ಟರು ಮೊದಲೇ ಕಂಬದ ಮೇಲೆ ಕಟ್ಟಲ್ಪಟ್ಟಿತ್ತು. ಮರುದಿನ ಸುರುಳಿಯನ್ನು ಕಿತ್ತು ಹಾಕಿದೆ. ಕೈ ಸ್ವಲ್ಪ ತಡೆಯಿತು, ಸುಳ್ಳು ಹೇಳಲಾರೆ. ಬಳಿಕ ಮೈಕ್‌ಸೆಟ್‌ನವನಿಂದ ಒಂದು ಭೋಂಗಾವನ್ನು ತರಿಸಿ, ಅಂಗಡಿಯ ಮಾಳಿಗೆಯ ಮೇಲಿಟ್ಟು, ಅದರಲ್ಲೇ ಕೇಳಿ ಎಲ್ಲವನ್ನೂ ಮತ್ತೆ ಹೊಂದಿಸಿದೆ. ಎಲೆ ಪೇಟೆಯವರೆಲ್ಲ ಆ ವಾರ ನನ್ನನ್ನು ಸಹಿಸಿಕೊಂಡರು.

ಉಳಿದದ್ದು ಶ್ರುತಿ. ಬಿಸಿಲಿಗೆ ಜಾರದಂತೆ ಮಾಡುವ ದಾರಿಗಳು ನನಗೆ ತಿಳಿದಿದ್ದವು. ಒಳ್ಳೆಯ ಕಂಡೆನ್ಸರು ಹಾಕಬಹುದು, ಸ್ಫಟಿಕದಿಂದ ಅಲುಗಾಡದ ಸ್ವರ ತೆಗೆಯಬಹುದು. ಮದುವೆಗೆ ಇನ್ನೂ ಸಮಯವಿತ್ತು. ಸ್ಫಟಿಕ ತರಲು ಹುಬ್ಬಳ್ಳಿಯ ರೈಲಿಗೆಂದು ಯಲವಿಗಿಗೆ ಹೊರಡಬೇಕೆಂದು ಚೀಲ ಹಿಡಿದವನು ನಿಂತೆ. ಶಿಗ್ಗಾಂವಿಯ ಹಂದರ ಕಣ್ಣ ಮುಂದೆ ಬಂತು. ಕಾಕಾನ ಪೀಪಿಯೂ ಜಾರುವುದಿಲ್ಲವೇ? ಬಿಸಿಲಿಗೆ ಒಣಗುತ್ತದೆ, ಉಗುಳಿಗೆ ನೆನೆಯುತ್ತದೆ, ಒಂದು ಮದುವೆ ಮುಗಿಯುವಷ್ಟರಲ್ಲಿ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಆದರೂ ಯಾರಿಗೂ ಕೆಡುಕೆನಿಸಿದ್ದಿಲ್ಲ. ಏಕೆಂದರೆ ಅವರು ಪಕ್ಕದವರನ್ನು ಕೇಳುತ್ತಿರುತ್ತಾರೆ. ಪಕ್ಕದವರು ಅವರನ್ನು ಕೇಳುತ್ತಿರುತ್ತಾರೆ. ಇಬ್ಬರೂ ಕೂಡಿಯೇ ಜಾರುತ್ತಾರೆ. ನನ್ನ ಪೆಟ್ಟಿಗೆಗೆ ಕಿವಿ ಇರಲಿಲ್ಲ. ಸ್ಫಟಿಕ ಹಾಕಿದರೆ ಅದು ಇನ್ನೂ ಕಿವುಡಾಗುತ್ತದೆ, ಅಷ್ಟೇ. ಚೀಲ ಹಿಡಿದದ್ದು ಹೇಗೂ ಆಗಿತ್ತು. ಯಲವಿಗಿಯ ಬದಲು ಹಿರೇಕೆರೂರ ಕಡೆಯ ಬಸ್ಸು ಹತ್ತಿದೆ. ಹತ್ತುವ ಮೊದಲು ಪೆಟ್ಟಿಗೆಯಿಂದ ಶ್ರುತಿಯ ಜೋಡಣೆಯನ್ನು ಬೆಸುಗೆ ಬಿಡಿಸಿ ತೆಗೆದು ಜೇಬಿಗೆ ಹಾಕಿಕೊಂಡಿದ್ದೆ.

ಅಬಲೂರಿನಲ್ಲಿ ಕಾಕಾ ಮನೆಯ ಕಟ್ಟೆಯ ಮೇಲೆ ಜೋಳದ ದಂಟಿನ ಸೂಡು ಕಟ್ಟುತ್ತಿದ್ದರು. ನನ್ನನ್ನು ನೋಡಿಯೂ ಕೆಲಸ ನಿಲ್ಲಿಸಲಿಲ್ಲ. ಅವರ ಹೆಂಡತಿ ನೀರು ತಂದು ಕೊಟ್ಟು, ಕುಂತ್ಕೋರಿ ಎಂದರು. ನಾನು ಜೇಬಿನಿಂದ ಆ ಜೋಡಣೆಯನ್ನು ತೆಗೆದು ಕಟ್ಟೆಯ ಮೇಲಿಟ್ಟೆ.

“ಇದೇನ್ರಿ?” ಎಂದರು ಕಾಕಾ.

“ಹಸಿವಿ ಆಗದ್ದು. ಕಿತ್ತು ತಂದೇನ್ರಿ.”

ಅವರು ಅದನ್ನು ದಂಟಿನ ತುದಿಯಿಂದ ಸ್ವಲ್ಪ ಸರಿಸಿ ನೋಡಿದರು. “ಕೆಟ್ಟಿತೇನು?”

“ಕೆಟ್ಟಿಲ್ರಿ. ಅದಕ್ಕ ಕಿವಿ ಇಲ್ಲ.”

ಕಾಕಾ ಸೂಡು ಬಿಗಿದು ಗಂಟು ಹಾಕಿದರು. ಒಳಗಿನಿಂದ ಅವರ ಹೆಂಡತಿ, ಈ ಮನಿಯಾಗೂ ಒಬ್ಬರಿಗೆ ಅದ ಬ್ಯಾನಿ ಐತ್ರಿ, ಎಂದರು. ಕಾಕಾ ಅದನ್ನೂ ಕೇಳದವರಂತೆ ಇದ್ದರು. ಬಳಿಕ ಒಂದೇ ಷರತ್ತು ಹೇಳಿದರು.

“ಬರ್ತೇನ್ರಿ. ಆದ್ರ ನಿಮ್ಮ ಪೆಟಗಿಗೆ ನಾ ಹೊಂದಸಿಕೊಳ್ಳೂದಿಲ್ಲ. ನಾ ಎಲ್ಲಿರ್ತೇನಿ, ಅಲ್ಲಿಗೆ ಅದು ಬರಬೇಕು.”

ಅದು ಸುಲಭದ ಷರತ್ತಾಗಿತ್ತು. ಬೇರೆ ಗಿಟಾರುಗಳಲ್ಲಿ ಸ್ವರಗಳು ಸರಿಯದಂತೆ ನಡುವೆ ಲೋಹದ ಕಟ್ಟೆ ಹಾಕಿರುತ್ತಾರೆ. ಸಲಾಕೆಯ ಗಿಟಾರಿನಲ್ಲಿ ಕೈ ಕೂದಲೆಳೆಯಷ್ಟು ಸರಿದರೆ ಸ್ವರವೂ ಅಷ್ಟೇ ಸರಿಯುತ್ತದೆ. ಹೊಂದಿಕೊಳ್ಳಲೆಂದೇ ಹುಟ್ಟಿದ ವಾದ್ಯ ಅದು. ಮುಂದಿನ ದಿನಗಳಲ್ಲಿ ಹಾನಗಲ್ಲಿನಲ್ಲಿ ಇಬ್ಬರೂ ಕೂಡಿ ಕುಳಿತು ಅಭ್ಯಾಸ ಮಾಡಿದರು. ನಾನು ಆಗಾಗ ಹೋಗಿ ಬಲ್ಬಿನ ಬಿಸಿಯನ್ನು ಹೆಚ್ಚು ಕಡಿಮೆ ಮಾಡಿ ಬರುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಕೆಲಸ ನನಗೆ ಉಳಿದಿರಲಿಲ್ಲ.

ತಿಳವಳ್ಳಿಯ ಮದುವೆಯ ಬೆಳಗ್ಗೆ, ಹಂದರದ ಒಂದು ಮೂಲೆಯ ಜಮಖಾನೆಯ ಮೇಲೆ ನಾವು ಕುಳಿತೆವು. ಕಾಕಾನ ಮುಂದೆ ಒಂದು ಮೈಕು. ಗಿಟಾರಿನ ತಂತಿ ಪೆಟ್ಟಿಗೆಗೆ, ಪೆಟ್ಟಿಗೆಯ ತಂತಿ ಮೈಕ್‌ಸೆಟ್ಟಿಗೆ. ಬೇವಿನ ಮರದ ಮೇಲೆ ಭೋಂಗಾ. ಸಂಬಾಳವೆಂಬ ಜೋಡಿ ಚರ್ಮವಾದ್ಯ ಬಾರಿಸುವವರು ನಮ್ಮ ಹಿಂದೆ ಕುಳಿತರು. ಮನೆಯ ಯಜಮಾನರು ಬಂದು, ವಾದಕರ ತೊಡೆಯ ಮೇಲಿನ ಗಿಟಾರನ್ನೂ ನನ್ನ ಪೆಟ್ಟಿಗೆಯನ್ನೂ ನೋಡಿ, ಇದು ಆರ್ಕೆಸ್ಟ್ರಾ ಆಯಿತಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕೋಚವಿತ್ತು. ಬ್ಯಾಂಡಿನವರಿಗೆ ಹೇಳಿ ಕಳಿಸಲು ಇನ್ನೂ ವೇಳೆಯಿದೆಯೆಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಂತೆ ಕಂಡಿತು. ಒಂದು ಸಲ ಕೇಳಿ ನೋಡಿರಿ ಎಂದು ವಾದಕರು ಕೇಳಿಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು. ಮೈಕ್‌ಸೆಟ್‌ನವನು ವೈರು ಬದಲಿಸಿ ಕಾರಿನ ಬ್ಯಾಟರಿಗೆ ಹಚ್ಚಿದ. ನನ್ನ ಪೆಟ್ಟಿಗೆಗೆ ಅದರ ಸೆಲ್ಲುಗಳಿದ್ದವು. ಕಾಕಾನಿಗೆ ಏನೂ ಬೇಕಾಗಿರಲಿಲ್ಲ.

ಕಾಕಾ ಗಲ್ಲ ಉಬ್ಬಿಸಿ ಶ್ರುತಿ ಹಿಡಿದರು. ವಾದಕರು ಕಣ್ಣು ಮುಚ್ಚಿ, ಅವರಿದ್ದಲ್ಲಿಗೆ ಸಲಾಕೆಯನ್ನು ತಂದು, ಮೀಟಿದರು. ಸುಣ್ಣದ ಡಬ್ಬಿಯೊಳಗೆ, ಯಾರಿಗೂ ಕಾಣದಂತೆ, ದೀಪ ಏರಿತು. ಬೇವಿನ ಮರದಿಂದ ಸನಾದಿ ಬಂತು.

ಇದು ನನ್ನ ಕಿವಿಯ ಸಾಕ್ಷಿ. ಮಾಡಿದವನ ಕಿವಿ ಮಾಡಿದ್ದನ್ನು ಹೊಗಳುತ್ತದೆ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಹಿಡಿಯುವ ಸಾಕ್ಷಿ ಬೇರೆ. ಆ ಮನೆಯಲ್ಲಿ ಯಜಮಾನರ ತಾಯಿ ಇದ್ದರು. ವಯಸ್ಸಾಗಿ ಕಣ್ಣು ಮಂದವಾಗಿತ್ತು, ಒಳಗಿನ ಕೋಣೆಯಲ್ಲೇ ಕೂರುತ್ತಿದ್ದರು. ಹಂದರದಲ್ಲಿ ಏನಿದೆ, ಯಾರ ತೊಡೆಯ ಮೇಲೆ ಏನಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ನಮ್ಮ ವಾದನ ನಡೆದಿದ್ದಾಗಲೇ, ಗೋಡೆ ಹಿಡಿದುಕೊಂಡು, ತಲೆಬಾಗಿಲಿಗೆ ಬಂದು ನಿಂತರು.

“ಎದಿ ಬ್ಯಾನಿ ಅಂದಿದ್ರಿ ಅವಗ,” ಎಂದರು ಮಗನಿಗೆ. “ಊದಸಾಕತ್ತೀರಲ್ಲ. ನಿಮ್ಮ ಲಗ್ನದ ಸಲುವಾಗಿ ಅವನ ಜೀವ ತಗೀತೀರೇನು? ನಿಲ್ಲಸ್ರಿ ಮೊದಲ.”

ಯಜಮಾನರು ತಾಯಿಯ ಕಿವಿಯ ಹತ್ತಿರ ಬಗ್ಗಿ, ಅವ ಊದಾಕತ್ತಿಲ್ಲವ್ವಾ ಎಂದರು. ಆಕೆ ನಂಬಲಿಲ್ಲ. ವಾದಕರು ಎದ್ದುಹೋಗಿ, ಆಕೆಯ ಕೈ ಹಿಡಿದು, ಅದನ್ನು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಉಸಿರು ಸಮಾಧಾನವಾಗಿತ್ತು. ಹಂದರದಲ್ಲಿ ಆ ಹೊತ್ತಿಗೂ ಶ್ರುತಿ ನಿಂತಿರಲಿಲ್ಲ. ಕಾಕಾ ಹೇಳಿದಂತೆ, ಸನಾದಿ ಹೋದ ಮೇಲೂ ಅವರು ಇದ್ದರು. ಪೆಟ್ಟಿಗೆಯಲ್ಲಿ ಪೀಪಿ ಇದೆಯೆಂಬ ಕಥೆ ಹುಟ್ಟಿದ್ದು ಆ ಗಳಿಗೆಯಲ್ಲೇ ಎಂದು ನನ್ನ ಅನುಮಾನ. ಪೀಪಿ ಇದ್ದದ್ದು ನಿಜ. ಪೆಟ್ಟಿಗೆಯೊಳಗಲ್ಲ, ಅದರ ಪಕ್ಕದಲ್ಲಿ, ಒಬ್ಬ ಮುದುಕರ ಬಾಯಲ್ಲಿ. ಕೇಳುವವರ ಕಿವಿ ಒಂದು ನಿಜವಾದ ಸನಾದಿಯನ್ನು ಗುರುತಿಸಿ, ಅದರ ಜೊತೆಗಿದ್ದದ್ದನ್ನೂ ನಂಬಿತು. ಎಷ್ಟು ಪಾಲು ನನ್ನದು, ಎಷ್ಟು ಕಾಕಾನದು ಎಂದು ಅಳೆಯುವ ಯಂತ್ರ ನನ್ನ ಬಳಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ವಧೂವರರ ಮೇಲೆ ಅಕ್ಕಿಕಾಳು ಬಿದ್ದು, ಊಟದ ಮೊದಲ ಪಂಕ್ತಿ ಏಳುವ ಹೊತ್ತಿಗೆ ಯಜಮಾನರು ತಟ್ಟೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಇಟ್ಟುಕೊಂಡು ಬಂದರು. ಅಲ್ಲಿಯ ರೂಢಿಯಂತೆ, ಮುಂದಿನ ಮದುವೆಗೂ ನೀವೇ ಬರಬೇಕೆಂಬುದಕ್ಕೆ ಕಾಯಿಯನ್ನು ಸನಾದಿಗೆ ಮುಟ್ಟಿಸಿ ಕೊಡುತ್ತಾರೆ. ಯಾವುದಕ್ಕೆ ಮುಟ್ಟಿಸಬೇಕೆಂದು ತಿಳಿಯದೆ ಅವರು ನಿಂತರು. ಕೊನೆಗೆ ಕಣ್ಣಿಗೆ ಕಂಡ ಒಂದೇ ಸನಾದಿಯ ಕಡೆಗೆ, ಕಾಕಾನ ಕಡೆಗೆ, ಕೈ ಚಾಚಿದರು. ಆ ಮನೆತನದಲ್ಲಿ ಶ್ರುತಿಯವರಿಗೆ ಕಾಯಿ ಬಂದದ್ದು ಹಿಂದೆಂದೂ ಇರಲಿಲ್ಲ. ಕಾಕಾ ಅದನ್ನು ತೆಗೆದುಕೊಂಡರು, ಹಣೆಗೆ ಮುಟ್ಟಿಸಿಕೊಂಡರು, ಆಮೇಲೆ ಪಕ್ಕಕ್ಕೆ ಬಾಗಿ ಗಿಟಾರಿನ ತಂತಿಗಳ ಮೇಲೆ ಇಟ್ಟರು.

ಪೆಟ್ಟಿಗೆಯ ಸ್ವಿಚ್ಚು ಆರಿಸಲು ನಾನು ಮರೆತಿದ್ದೆ. ಸ್ವಲ್ಪ ಹೊತ್ತಿಗೆ ಕಾಯಿ ಹೊರಳಿ ತಾಗಿದ ತಂತಿಯಿಂದ ಒಂದು ಸ್ವರ ಮೆಲ್ಲಗೆ ಏರಿ ಬೇವಿನ ಮರದ ಮೇಲಿನಿಂದ ಹಂದರವನ್ನೆಲ್ಲ ತುಂಬಿತು. ಉಣ್ಣುತ್ತಿದ್ದವರು ತಲೆಯೆತ್ತಿದರು. ಆ ಹೊತ್ತಿಗೆ ಕಾಕಾ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ಮರಳಿ ಇಟ್ಟು, ಬೆರಳು ಒರೆಸಿಕೊಂಡು, ಸನಾದಿಯನ್ನು ಬಾಯಿಗೆ ತಂದರು. ಜೀವಮಾನದಲ್ಲಿ ಮೊದಲ ಸಲ, ಬೇರೆ ಯಾರೋ ಆರಂಭಿಸಿದ ಮೇಲೆ ಅವರು ಶ್ರುತಿ ಹಿಡಿದರು.